ಪಡಸಾಲೆಯಲ್ಲಿ ಕ್ಯಾಪ್ಚರ್

ನಮ್ಮ ರಾಣೆಬೆನ್ನೂರಿನ ಮನೆಯಲ್ಲಿ ಯಾರೂ ಸದ್ದು ಮಾಡಬಾರದ ಹೊತ್ತೊಂದಿತ್ತು. ಅದು ಪೂಜೆಯ ಹೊತ್ತಲ್ಲ. ಹಿರಿಯರು ಮಲಗುವ ಹೊತ್ತೂ ಅಲ್ಲ. ಅಪ್ಪ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮದುವೆಯ ಕ್ಯಾಸೆಟ್ಟನ್ನು ಅದರೊಳಕ್ಕೆ ಇಳಿಸಿಕೊಳ್ಳುವ ಹೊತ್ತು ಅದು. ಪಡಸಾಲೆಯ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಹಿತ್ತಲಲ್ಲಿ ತಂಬಿಗೆ ಬಿದ್ದರೆ ಬೀದಿಯವರೆಗೆ ಕೇಳುತ್ತಿತ್ತು. ಅಪ್ಪ ‘ಕ್ಯಾಪ್ಚರ್’ ಎನ್ನುತ್ತಿದ್ದ ಈ ಕೆಲಸ ನಡೆದಿರುವಾಗ ಅವ್ವ ಮಿಕ್ಸರ್ ಹಾಕುವಂತಿರಲಿಲ್ಲ, ನಲ್ಲಿಗೆ ಕೊಡ ಹಿಡಿಯುವಂತಿರಲಿಲ್ಲ. ನಡುಮನೆಯ ಮಂಚದ ಮೇಲಿರುತ್ತಿದ್ದ ಆಯಿ, ಅಂದರೆ ಅಪ್ಪನ ತಾಯಿ, ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಕ್ಯಾಸೆಟ್ಟು ತನ್ನದೇ ವೇಗದಲ್ಲಿ ಓಡಬೇಕಾಗಿತ್ತು, ಅವಸರ ಮಾಡುವಂತಿರಲಿಲ್ಲ. ವಿಸಿಆರ್‌ನಿಂದ ತಂತಿಯ ಮೂಲಕ ಬಂದ ಚಿತ್ರ ಪರದೆಯ ಮೇಲೊಂದು ಸಣ್ಣ ಕಿಟಕಿಯಲ್ಲಿ ಮೂಡುತ್ತಿತ್ತು. ಆ ಕಿಟಕಿಯ ತಳದಲ್ಲಿ, ಯಂತ್ರ ಬರೆದುಕೊಳ್ಳಲಾಗದೆ ಕೈಬಿಟ್ಟ ಚಿತ್ರಗಳ ಲೆಕ್ಕ ಕಾಣಿಸುತ್ತಿತ್ತು. ಹಾಗೆ ಕೈಬಿಟ್ಟಲ್ಲಿ ಮದುಮಗಳು ಒಂದೇ ಸಲಕ್ಕೆ ಮಂಟಪದಿಂದ ಕುರ್ಚಿಗೆ ಹಾರಿದಂತೆ ಕಾಣುತ್ತಿದ್ದಳು. ಅಪ್ಪ ಅದನ್ನು ‘ಜಂಪ್’ ಎನ್ನುತ್ತಿದ್ದ. ಮನೆಯೊಳಗಿನ ಸದ್ದು, ನೆಲದ ಅದುರು, ಕರೆಂಟಿನ ಏರಿಳಿತ ಇವುಗಳಿಂದಲೇ ಜಂಪ್ ಆಗುತ್ತದೆ ಎಂಬುದು ಅವನ ದೃಢವಾದ ನಂಬಿಕೆ. ಆದ್ದರಿಂದ ಪ್ರತಿಯೊಂದು ಜಂಪಿಗೂ ಮನೆಯಲ್ಲಿ ಒಬ್ಬ ತಪ್ಪಿತಸ್ಥರು ಇರಲೇಬೇಕಾಗಿತ್ತು.

ಕಂಪ್ಯೂಟರ್ ಬರುವ ಮೊದಲೂ ಅಪ್ಪ ಹೊಡೆಯುತ್ತಿದ್ದ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಇಲ್ಲದಿದ್ದರೆ ಯಂತ್ರದ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ರೊಟ್ಟಿ ಆರಿದ್ದಕ್ಕೆ ಹೊಡೆದ, ತವರಿನ ಹೆಸರು ಎತ್ತಿದ್ದಕ್ಕೆ ಹೊಡೆದ, ಸುಮ್ಮನಿದ್ದುದಕ್ಕೂ ಹೊಡೆದ. ಅವ್ವನ ಎಡಗಿವಿಯ ಹಿಂದೆ ಕೂದಲು ಬೆಳೆಯದ ಜಾಗವೊಂದಿತ್ತು. ಅಲ್ಲಿ ಅವನ ಉಂಗುರ ತಾಗಿತ್ತು. ಯಂತ್ರ ಬಂದ ಮೇಲೆ ಆದ ವ್ಯತ್ಯಾಸವಿಷ್ಟೇ: ಹೊಡೆತಕ್ಕೆ ಒಂದು ಕಾರಣ ಸಿಕ್ಕಿತು, ಕಾರಣಕ್ಕೊಂದು ಪರದೆ ಸಿಕ್ಕಿತು.

ಅದೇ ಅಪ್ಪ ಆ ಪರದೆಯ ಮುಂದೆ ಎಷ್ಟು ಮೃದುವಾಗುತ್ತಿದ್ದ ಎಂಬುದನ್ನೂ ಬರೆಯದಿದ್ದರೆ ಅನ್ಯಾಯವಾದೀತು. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ, ಆಚೆ ಕುಮಾರಪಟ್ಟಣದ ಕಾರ್ಖಾನೆಯ ಕಾಲನಿಯವರೆಗೆ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಮದುವೆ ತೆಗೆಯುತ್ತಿದ್ದವನು ಅವನು. ಹುಬ್ಬಳ್ಳಿಯಿಂದ ಬಂದ ಹುಡುಗರು ಯಂತ್ರವನ್ನು ಜೋಡಿಸಿ, ಅದರಲ್ಲಿ ವಿಡಿಯೋ ನೋಡುವ ಮತ್ತು ಹಿಡಿದಿಡುವ ಸಾಫ್ಟ್‌ವೇರ್ ಹಾಕಿ ಹೋದ ಸಂಜೆ, ಅವನು ಒಬ್ಬ ಮದುಮಗಳ ನಗುವನ್ನು ಅರ್ಧದಲ್ಲಿ ನಿಲ್ಲಿಸಿ ನಮ್ಮೆಲ್ಲರನ್ನೂ ಕೂಗಿದ.

“ನೋಡ್ರಿಲ್ಲೆ. ವಿಸಿಆರ್‌ನ್ಯಾಗ ನಿಲ್ಲಿಸಿದ್ರ ಗೆರಿ ಬರತಿದ್ದು. ಇದರಾಗ ನೋಡು, ಮೂಗಬಟ್ಟಿನ ಹರಳ ಸುದ್ದಾ ಎಣಿಸಬಹುದು.”

“ಟೀವಿನೇ ಅಲ್ಲೇನೋ ಅದು?” ಎಂದಳು ಆಯಿ.

“ಟೀವಿನೇ ಯವ್ವಾ. ಆದ್ರ ನನ್ನ ಮಾತು ಕೇಳೂ ಟೀವಿ.”

ಕಿಟಕಿಯಲ್ಲಿ ಮೂಡುವ ಇಂಗ್ಲಿಷನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂದಿತು. ನಾನು ಹೈಸ್ಕೂಲಿನಲ್ಲಿದ್ದೆ, ಮನೆಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಶಬ್ದ ಗೊತ್ತಿಲ್ಲವೆಂದರೆ ವಿಸಿಆರ್‌ನ ತಂತಿ ಮೊಣಕೈಗೆ ಬೀಳುತ್ತಿತ್ತು. ಹೀಗಾಗಿ ನಾನು ಶಾಲೆಯ ಪಾಠಕ್ಕಿಂತ ಮೊದಲು ಆ ಕಿಟಕಿಯ ಶಬ್ದಗಳಿಗೆ ಶಬ್ದಕೋಶ ನೋಡಿದೆ. ಇಂದಿಗೂ ಪರದೆಯ ಮೇಲೆ ಯಾವುದೇ ಸೂಚನೆ ಮೂಡಿದರೆ ನನ್ನ ಮೊಣಕೈ ತಾನಾಗಿಯೇ ಒಳಕ್ಕೆ ಸರಿಯುತ್ತದೆ.

“ಏನಂತೈತಲೇ ಸುಮೀ ಅದು?”

“ಹಳೇದರ ಮ್ಯಾಲೆ ಬರೀಲೇನು, ಖಾತ್ರಿ ಐತೇನು ಅಂತ ಕೇಳಾಕತ್ತೈತಪ್ಪಾ.”

“ಖಾತ್ರಿ ಕೇಳಾಕ ಅದ್ಯಾರು? ನಮ್ಮ ಮಾವನೇನು? ಹೂಂ ಅನ್ನು.”

ಅಪ್ಪನಿಗೆ ಗಿರಾಕಿಗಳು ಬರುತ್ತಿದ್ದುದು ಕ್ಯಾಮೆರಾದಿಂದಷ್ಟೇ ಅಲ್ಲ, ಧ್ವನಿಯಿಂದ. ನಮ್ಮ ಕಡೆ ಮದುವೆಯ ಕ್ಯಾಸೆಟ್ಟಿನ ಆರಂಭದಲ್ಲಿ, ಹೂವಿನ ಚಿತ್ರದ ಮೇಲೆ, ವಿಡಿಯೋದವನು ತನ್ನ ಬಾಯಿಂದಲೇ ವಧೂವರರ ಹೆಸರು, ಎರಡೂ ಮನೆತನದ ಹಿರಿಯರ ಹೆಸರು, ಮುಹೂರ್ತದ ಸ್ಥಳ ಇವನ್ನೆಲ್ಲ ಲಗ್ನಪತ್ರಿಕೆ ಓದಿದಂತೆ ಓದುವ ರೂಢಿಯಿತ್ತು. ಅಪ್ಪನ ಕಂಠ ತುಂಬಿದ ಕೊಡದಂತಿತ್ತು. ಯಂತ್ರದ ಜೊತೆ ಬಂದಿದ್ದ ಪುಟ್ಟ ಮೈಕಿಗೆ ಅವನು ಮೊದಲ ಬಾರಿಗೆ ಆ ಒಕ್ಕಣೆ ಓದಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವೀರಣ್ಣನವರ ಮಗಳ ಮದುವೆಗೆ. ಮೈಕು ತೆರೆದಿರುವಾಗ ಸ್ಪೀಕರ್ ಹಾಕಿದ್ದರೆ ಕರ್ಕಶವಾಗಿ ಕೂಗುತ್ತದೆ. ಅದಕ್ಕಾಗಿ ಅಪ್ಪ ಸ್ಪೀಕರ್ ಬಂದ್ ಮಾಡಿದ. ಹೆಸರುಗಳನ್ನು ಓದಿ ಮುಗಿಸಿ, ಕ್ಯಾಸೆಟ್ಟು ಓಡಿಸಿ, ಕ್ಯಾಪ್ಚರ್ ಶುರುಮಾಡಿದ. ಮೈಕನ್ನು ಮುಚ್ಚಲು ಮರೆತ.

ಅದೊಂದು ಶನಿವಾರ, ಮಧ್ಯಾಹ್ನ ಶಾಲೆಯಿಲ್ಲ. ಜಂಪಿನ ಲೆಕ್ಕ ಕಾಯಲು ಅಪ್ಪ ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದ. ಬ್ಯಾಡಗಿಯವರು ಪ್ರೀತಿಯಿಂದ ಹಸಿ ಕೆಂಪು ಮೆಣಸಿನಕಾಯಿ ಕಳಿಸಿದ್ದರು. ಇನ್ನೊಂದು ದಿನ ಬಿಟ್ಟರೆ ಕೊಳೆಯುತ್ತವೆಂದು ಅವ್ವ, ಮಿಕ್ಸರ್ ಹಾಕುವಂತಿಲ್ಲವಾದ್ದರಿಂದ, ಹಿತ್ತಲಿನ ಒರಳಿನಲ್ಲಿ ರಂಜಕದ ಚಟ್ನಿ ಕುಟ್ಟಲು ಕುಳಿತಿದ್ದಳು. ಅಷ್ಟು ದೂರದ ಸದ್ದು ಲೆಕ್ಕಕ್ಕೆ ಬರಲಾರದೆಂದು ಅವಳು ಭಾವಿಸಿರಬೇಕು. ಪರದೆಯ ಮೇಲೆ ಅಂತರಪಟ ಸರಿಯಿತು, ಅಕ್ಕಿಕಾಳು ಬೀಳತೊಡಗಿದವು. ಆಗಲೇ ತಳದ ಅಂಕಿ ಏರಿತು.

“ಜಂಪ್ ಆತು,” ಎಂದ ಅಪ್ಪ. ಹಿತ್ತಲ ಕಡೆ ಕಿವಿಗೊಟ್ಟ. “ಕುಟ್ಟಾಕತ್ತಾಳ. ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಕುಟ್ಟಾಕತ್ತಾಳ.”

ಎದ್ದವನು ನನ್ನ ತಲೆಯನ್ನು ಹಿಡಿದು ಪರದೆಗೆ ತಿರುಗಿಸಿದ.

“ನೀ ಇಲ್ಲೇ ಕುಂದ್ರು. ಕಣ್ಣ ತಗದೀ ಅಂದ್ರ ಕಿತ್ತ ಇಡತೇನಿ.”

ನಾನು ಕಣ್ಣು ತೆಗೆಯಲಿಲ್ಲ. ಪರದೆಯ ಮೇಲೆ ವಾಲಗದವರ ಕೆನ್ನೆ ಉಬ್ಬಿ ಇಳಿಯುತ್ತಿದ್ದವು, ಜನ ಬಾಯಿ ತೆರೆದು ನಗುತ್ತಿದ್ದರು, ಅಕ್ಕಿಕಾಳು ಮದುಮಗಳ ಬಾಸಿಂಗಕ್ಕೆ ತಾಗಿ ಉದುರುತ್ತಿದ್ದವು. ಸ್ಪೀಕರ್ ಬಂದಾಗಿದ್ದುದರಿಂದ ಯಾವುದಕ್ಕೂ ಸದ್ದಿರಲಿಲ್ಲ. ಬೆನ್ನ ಹಿಂದೆ ಅವ್ವನನ್ನು ಜಡೆ ಹಿಡಿದು ಹಿತ್ತಲಿನಿಂದ ಅಡುಗೆಮನೆಗೆ ಎಳೆದ ಸದ್ದು ಬಂತು. ತಟ್ಟೆಗಳ ಕಪಾಟು ಉರುಳಿತು. ಒದೆತಗಳು ಬಿದ್ದವು, ಒದೆತಕ್ಕೂ ಏಟಿಗೂ ಇರುವ ವ್ಯತ್ಯಾಸವನ್ನು ನಾನು ಕೇಳಿಯೇ ಗುರುತಿಸಬಲ್ಲವಳಾಗಿದ್ದೆ. ಅವ್ವ ಮೊದಲ ಬಾರಿ ಕೂಗಿದಾಗ ಪಕ್ಕದ ಮನೆಯ ಮಾಬೂಬಿ ಚಾಚಿಯ ರೇಡಿಯೋ ಜೋರಾಯಿತು. ಅದು ಯಾವಾಗಲೂ ಹಾಗೆಯೇ ಆಗುತ್ತಿತ್ತು. ನನ್ನ ಎದುರು ಚಿತ್ರವಿತ್ತು, ಸದ್ದಿರಲಿಲ್ಲ. ಬೆನ್ನ ಹಿಂದೆ ಸದ್ದಿತ್ತು, ಚಿತ್ರವಿರಲಿಲ್ಲ. ಇವೆರಡನ್ನೂ ಯಂತ್ರ ಒಟ್ಟಿಗೆ ಬರೆದುಕೊಳ್ಳುತ್ತಿದೆ ಎಂಬುದು ಅಪ್ಪನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪರದೆಯ ಮೇಲೆ ಸೂಚನೆಯೊಂದು ಮೂಡಿತು. ಆ ಕಾಲದ ಸಾಫ್ಟ್‌ವೇರಿಗೆ ಒಂದು ಕಡತವನ್ನು ಒಂದು ಮಿತಿಗಿಂತ ದೊಡ್ಡದಾಗಿ ಬರೆಯಲು ಬರುತ್ತಿರಲಿಲ್ಲ. ಮಿತಿ ಮುಟ್ಟಿದೊಡನೆ ತಾನೇ ನಿಂತುಬಿಡುತ್ತಿತ್ತು. ಹೀಗೆ ಒಂದೊಂದು ತುಂಡು ಮುಗಿದರೆ ಕೂಡಲೇ ಹೇಳಬೇಕೆಂಬ ನಿಯಮವಿತ್ತಾದ್ದರಿಂದ ನಾನು ಒಳಗೆ ಹೋದೆ. ಅವ್ವ ಗೋಡೆಗೆ ಒರಗಿ ಕುಕ್ಕರಿಸಿದ್ದಳು. ಅಪ್ಪ ಮೊಣಕಾಲನ್ನು ಅವಳ ಎದೆಗೊತ್ತಿ, ರಂಜಕ ಮೆತ್ತಿದ ಅವಳದೇ ಅಂಗೈಯನ್ನು ಹಿಡಿದು, ಅವಳ ಕಣ್ಣುಗಳಿಗೆ ತಿಕ್ಕುತ್ತಿದ್ದ.

“ಅಪ್ಪಾ, ತುಂಡು ಮುಗೀತು.”

“ಬಂದೆ,” ಎಂದ. ಇನ್ನೊಂದು ಕಣ್ಣಿಗೂ ತಿಕ್ಕಿದ ಮೇಲೆಯೇ ಎದ್ದ. ಕೈ ತೊಳೆದು, ಟವೆಲಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಪಡಸಾಲೆಗೆ ಬಂದು ಮುಂದಿನ ತುಂಡು ಶುರುಮಾಡಿದ.

ಡಿಸ್ಕಿನ ಖಾಲಿ ಜಾಗ ಚೂರುಚೂರಾಗಿ ಹರಡಿಕೊಂಡಿದ್ದರೆ ಯಂತ್ರಕ್ಕೆ ವೇಗವಾಗಿ ಬರೆಯಲಾಗದೆ ಚಿತ್ರಗಳು ತಪ್ಪುತ್ತವೆ, ಒರಳಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ನಾನು ಪದವಿಗೆ ಓದುವಾಗ ತಿಳಿದುಕೊಂಡೆ. ಬಹಳ ಉತ್ಸಾಹದಿಂದ ಅದನ್ನು ಅವ್ವನಿಗೆ ಹೇಳಿದೆ. “ಸಂಬಂಧ ಇದ್ದಿದ್ರ ಹೊಡದದ್ದು ಬರೋಬ್ಬರಿ ಆಗತಿತ್ತೇನು?” ಎಂದು ಅವಳು ಕೇಳಿದಳು.

ಚಿತ್ರ ಸರಿಯಿದೆಯೇ ಎಂದಷ್ಟೇ ನೋಡಿಕೊಂಡು ಅಪ್ಪ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಹುಬ್ಬಳ್ಳಿಗೆ ಹೋಗಿ ಸಿಡಿ ಮಾಡಿಸಿಕೊಂಡು ಬಂದು, ಡಿಸ್ಕನ್ನು ಮತ್ತೆ ಯಂತ್ರಕ್ಕೆ ಜೋಡಿಸಿ, ಸಿಡಿಗಳನ್ನು ಬ್ಯಾಡಗಿಗೆ ಕೊಟ್ಟ. ನಮ್ಮ ಕಡೆ ಮದುವೆಯ ಸಿಡಿ ಎಂಬುದೇ ಆಗ ಹೊಸದು. ವೀರಣ್ಣನವರು ಬೀಗರನ್ನೂ ಓಣಿಯವರನ್ನೂ ಕರೆದು ಕೂರಿಸಿಕೊಂಡು ಹಾಕಿದ್ದಾರೆ. ಅಪ್ಪನ ತುಂಬುಕಂಠದ ಸ್ವಾಗತವಾಗಿದೆ. ಅಕ್ಕಿಕಾಳು ಬೀಳುವಾಗ ವಾಲಗದ ಸದ್ದಿನೊಳಗಿಂದ ಒಬ್ಬ ಹೆಂಗಸು ಚೀರಿದ್ದಾಳೆ.

ಮರುದಿನ ಮಧ್ಯಾಹ್ನ ಅವರ ಜೀಪು ನಮ್ಮ ಬಾಗಿಲಿಗೆ ಬಂತು. ವೀರಣ್ಣನವರು, ಅವರ ಅಣ್ಣನ ಮಗ, ಇನ್ನಿಬ್ಬರು ಹಮಾಲರು. ಅಣ್ಣನ ಮಗ ಚಪ್ಪಲಿ ಕಳೆಯದೆ ಪಡಸಾಲೆಗೆ ಬಂದು, ಮಾತಿಗೂ ಮೊದಲು ಅಪ್ಪನ ಕಪಾಳಕ್ಕೆ ಬಾರಿಸಿದ.

“ಶುಭಕಾರ್ಯದಾಗ ಯಾವಾಕಿನ್ನ ಅಳಸೀದಿ ಮಗನಾ? ಬೀಗರು ಎದ್ದ ಹೋದ್ರು!”

“ಇಲ್ರಿ ಸಾಹುಕಾರ್ರ, ಅದು ಟೇಪಿನ ದೋಷ. ಖರೇ ಹೇಳತೇನ್ರಿ, ಕಂಪ್ಯೂಟರಿನ್ಯಾಗ ಒಮ್ಮೊಮ್ಮೆ—”

“ಕಂಪ್ಯೂಟರ್ ‘ಸಾಯ್ತೇನ್ರಿ ಬಿಡ್ರಿ’ ಅಂತ ಕನ್ನಡದಾಗ ಅಳತೈತೇನಲೇ?”

ಹಮಾಲರಲ್ಲೊಬ್ಬ ನಕ್ಕುಬಿಟ್ಟ. ಅಣ್ಣನ ಮಗ ಅಪ್ಪನನ್ನು ಕುರ್ಚಿಯಿಂದ ಕೆಳಗೆ ಕೆಡವಿ ಪಕ್ಕೆಗೆ ಒದ್ದ. ಅಪ್ಪನ ತುಟಿ ಸೀಳಿ ರಕ್ತ ಕೀಬೋರ್ಡಿನ ಮೇಲೆ ಹನಿಯಿತು. ಆಯಿ ಮಂಚದಿಂದಲೇ ಎದೆ ಬಡಿದುಕೊಂಡಳು. ಆಗ ಅಪ್ಪ ನೆಲದಲ್ಲಿ ಬಿದ್ದಲ್ಲಿಂದಲೇ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ಕೈ ಚಾಚಿದ.

“ನಾ ಅಲ್ರಿ! ಇಕಿ! ಇಕಿನ ಅತ್ತಾಕಿ!”

ಒದೆತ ನಿಂತಿತು. ಎಲ್ಲರೂ ಅವ್ವನನ್ನು ನೋಡಿದರು. ಅವಳ ಕಣ್ಣುಗಳು ಇನ್ನೂ ಊದಿಕೊಂಡೇ ಇದ್ದವು. ವೀರಣ್ಣನವರು ಸಭ್ಯರು; ಹೆಂಗಸಿನ ಮೇಲೆ ಧ್ವನಿ ಏರಿಸಲಿಲ್ಲ.

“ಅಲ್ಲವಾ ತಂಗೀ, ಗಂಡ ಹೆಂಡತಿ ಅಂದಮ್ಯಾಲೆ ಮಾತು ಬರತಾವು ಹೋಗತಾವು. ಆದ್ರ ಒಬ್ಬರ ಮನಿ ಅಕ್ಕಿಕಾಳು ಬೀಳೂ ಹೊತ್ತಿಗೆ ಅಳಬಾರದನ್ನೂದು ನಿನಗರೆ ತಿಳೀಬಾರದೇನು?”

ಅವರು ಸಿಡಿಗಳನ್ನು ನಮ್ಮ ಹೊಸ್ತಿಲ ಮೇಲೆ ಮುರಿದು ಹಾಕಿ, ವಾರದೊಳಗೆ ಬೇರೆ ಮಾಡಿಕೊಡಬೇಕೆಂದು ಹೇಳಿ ಹೋದರು. ಅಪ್ಪ ತುಟಿಗೆ ಹೊಲಿಗೆ ಹಾಕಿಸಿಕೊಳ್ಳಲು ದವಾಖಾನೆಗೆ ನಡೆದ. ಹೋಗುವಾಗ ಬಾಗಿಲಲ್ಲಿ ನಿಂತು, ಬಂದ ಮೇಲೆ ನೋಡಿಕೊಳ್ಳುತ್ತೇನೆಂದು ಅವ್ವನಿಗೆ ಹೇಳಿಯೇ ಹೋದ. ಅವನು ತಿರುವು ದಾಟಿದ್ದನ್ನು ನೋಡಿಕೊಂಡು ಅವ್ವ, ಆವರೆಗೆ ಎಂದೂ ಕೂರದ ಆ ಕುರ್ಚಿಯಲ್ಲಿ ಕುಳಿತಳು.

“ಅದರಾಗ ನಂದು ಏನೇನು ಕೇಳತೈತಿ, ಹಚ್ಚು.”

ಸ್ಪೀಕರ್ ಹಾಕಿದೆ. ಆಯಿಯೂ ಕೇಳಿದಳು. ಅವ್ವ ಪರದೆಯನ್ನು ನೋಡಲಿಲ್ಲ, ನೆಲವನ್ನು ನೋಡುತ್ತ ಕೇಳಿದಳು. ಒಂದು ಕಡೆ ಮಾತ್ರ ತಲೆ ಎತ್ತಿದಳು. ಅಲ್ಲಿ ಅವಳ ಧ್ವನಿ “ನಂದ ತಪ್ಪಾತ್ರೀ, ನಂದ ತಪ್ಪಾತ್ರೀ” ಎನ್ನುತ್ತಿತ್ತು.

“ಹಂಗಂದೇನೇನು ನಾನು?” ಎಂದಳು. ಏಟು ಬಿದ್ದದ್ದಕ್ಕಿಂತ ಅದು ಅವಳಿಗೆ ಹೆಚ್ಚು ಆಶ್ಚರ್ಯವನ್ನುಂಟುಮಾಡಿದಂತಿತ್ತು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಇದು ಉಳೀತೈತೇನು?”

ಏಕೆ ಕೇಳಿದಳೆಂಬುದು ನನಗೆ ಅರ್ಥವಾಯಿತು. ಎರಡು ವರ್ಷದ ಹಿಂದೆ ಹಾವೇರಿಯಿಂದ ಸೋದರಮಾವ ಬಂದು ಹಿರಿಯರನ್ನು ಕೂಡಿಸಿದ್ದ. ಹಿರಿಯರಾದ ಗುರುಸಿದ್ದಪ್ಪನವರು ಕಣ್ಣಾರೆ ಕಂಡವರು ಯಾರೆಂದು ಕೇಳಿದ್ದರು. ಕಂಡೆವೆಂದು ಬಾಯಿಬಿಟ್ಟು ಹೇಳುವವರು ಇರಲಿಲ್ಲ. ಅಪ್ಪ ದೇವರಗುಡ್ಡದ ಕಡೆ ಮುಖ ಮಾಡಿ, ಮಾಲತೇಶನ ಆಣೆ, ಕೈ ಹಚ್ಚಿಲ್ಲ ಎಂದಿದ್ದ. ಆಣೆ ಬಿದ್ದ ಮೇಲೆ ಮಾತು ಬೆಳೆಸುವ ರೂಢಿಯಿಲ್ಲ. ಎಲ್ಲರೂ ಚಹಾ ಕುಡಿದು ಎದ್ದಿದ್ದರು. ಅಂದು ಅವ್ವ ತವರಿಗೆ ಹೋಗಲು ಕಟ್ಟಿಕೊಂಡಿದ್ದ ಗಂಟನ್ನು ತಾನೇ ಬಿಚ್ಚಿ ಸೀರೆಗಳನ್ನು ಮತ್ತೆ ಟ್ರಂಕಿಗೆ ಇಟ್ಟಿದ್ದಳು. ಸಿಡಿಗಳು ಮುರಿದುಹೋಗಿದ್ದವು. ಈಗ ಉಳಿದಿದ್ದು ಡಿಸ್ಕಿನಲ್ಲಿದ್ದ ಆ ತುಂಡೊಂದೇ.

ಅವ್ವ ಹಾವೇರಿಗೆ ಹೇಳಿಕಳಿಸಿದಳು. ಸಂಜೆ ಊದಿದ ತುಟಿಯೊಂದಿಗೆ ಬಂದ ಅಪ್ಪ ಅವ್ವನ ಕಡೆ ಹೋಗುವ ಮೊದಲು ಯಂತ್ರದ ಕಡೆ ಬಂದ.

“ಅಳಿಸಿ ಹಾಕು ಅದನ್ನ. ನನ್ನ ಎದರಿಗೆ ಅಳಸು.”

ಬೆನ್ನ ಹಿಂದೆ ನಿಂತ. ತಂತಿ ಅವನ ಕೈಯಲ್ಲಿತ್ತು. ನಾನು ಆ ಕಡತದ ಹೆಸರನ್ನು ಬದಲಿಸಿ, ನನ್ನ ಶಾಲೆಯ ಪಾಠಗಳಿದ್ದ ಜಾಗಕ್ಕೆ ಸರಿಸಿದೆ. ಅದಿದ್ದ ಸ್ಥಳ ಬರಿದಾಯಿತು. ಅವನು ಪರದೆಯನ್ನು ದಿಟ್ಟಿಸಿದ. ಅಲ್ಲಿದ್ದ ಇಂಗ್ಲಿಷನ್ನು ಓದಲು ಅವನಿಗೆ ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

“ಹೋತೇನು?”

“ಹೋತಪ್ಪಾ.”

ಆದರೂ ತಂತಿಯಿಂದ ಎರಡು ಬಿಟ್ಟ. ಆಮೇಲೆ ಒಳಗೆ ಹೋದ. ಆ ಸಂಜೆಯದನ್ನು ಯಾವ ಯಂತ್ರವೂ ಬರೆದುಕೊಳ್ಳಲಿಲ್ಲ. ಮರುದಿನ ಅವ್ವನ ಬಲಗೈ ಮೇಲೇಳುತ್ತಿರಲಿಲ್ಲ.

ಅದೇ ಮರುದಿನ ಮಾವ ಬಂದ. ಗುರುಸಿದ್ದಪ್ಪನವರೂ ಇನ್ನಿಬ್ಬರು ಹಿರಿಯರೂ ಪಡಸಾಲೆಯ ಜಮಖಾನೆಯ ಮೇಲೆ ಕುಳಿತರು. ಬಾಗಿಲಲ್ಲಿ ಮಾಬೂಬಿ ಚಾಚಿ ನಿಂತಿದ್ದಳು. ಅಪ್ಪ ಗೌರವದಿಂದ ಎಲ್ಲರಿಗೂ ಕೈಮುಗಿದ. ಬ್ಯಾಡಗಿಯವರು ಹೊಡೆದದ್ದರಿಂದ ಅವನ ಮುಖವೇ ಹೆಚ್ಚು ಕೆಟ್ಟಿತ್ತಾದ್ದರಿಂದ ಹಿರಿಯರು ಅವನನ್ನೇ ಕನಿಕರದಿಂದ ವಿಚಾರಿಸಿದರು.

“ಆಣಿ ಮಾಡಾಕ ಇವತ್ತೂ ತಯಾರ ಅದೀನ್ರಿ,” ಎಂದ ಅಪ್ಪ. “ಮಾಲತೇಶನ ಆಣಿ, ನಾ ಕೈ ಹಚ್ಚಿಲ್ಲ.”

ಗುರುಸಿದ್ದಪ್ಪನವರು ಎರಡೂ ಕೈಗಳನ್ನು ತೊಡೆಯ ಮೇಲೂರಿ ಏಳಲು ಅಣಿಯಾದರು.

“ಕುಂದ್ರಿ ಯಜಮಾನ್ರ,” ಎಂದಳು ಅವ್ವ. “ಸುಮೀ, ಹಚ್ಚು.”

ನಾನು ಹಚ್ಚಿದೆ. ಅಪ್ಪ ನನ್ನ ಕಡೆ ನುಗ್ಗಿದಾಗ ಮಾವ ಅವನ ಎರಡೂ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದ. ಪರದೆಯ ಮೇಲೆ ಅಂತರಪಟ ಸರಿಯಿತು, ವಾಲಗ ಊದಿತು, ಜನ ನಗುತ್ತ ಅಕ್ಕಿಕಾಳು ಎರಚಿದರು. ಆ ನಗೆಯೊಳಗೆ ಕಪಾಟು ಉರುಳಿತು. ಒದೆತಗಳು ಬಿದ್ದವು. ಅವ್ವ ಚೀರಿದಳು, ಮರುಕ್ಷಣದಲ್ಲಿ ರೇಡಿಯೋ ಜೋರಾಯಿತು. ಬಾಗಿಲಲ್ಲಿದ್ದ ಚಾಚಿ ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅಪ್ಪನ ಆ ತುಂಬುಕಂಠ, ಊರೆಲ್ಲ ಮೆಚ್ಚಿದ ಕಂಠ, ಬೈಗುಳಗಳನ್ನು ಅಷ್ಟೇ ಸ್ಪಷ್ಟವಾಗಿ ಉಚ್ಚರಿಸುತ್ತಿತ್ತು. ಅದು ತನ್ನದಲ್ಲವೆನ್ನಲು ಅವನಿಗೆ ದಾರಿಯಿರಲಿಲ್ಲ.

“ಸಾಕು ಬಂದ್ ಮಾಡವಾ,” ಎಂದರು ಗುರುಸಿದ್ದಪ್ಪನವರು.

“ಬ್ಯಾಡ. ನಾ ಪೂರಾ ತಿಂದೇನ್ರಿ, ನೀವು ಪೂರಾ ಕೇಳ್ರಿ.”

ಅವರು ಕೇಳಿದರು. ಕ್ಯಾಸೆಟ್ಟಿನಂತೆಯೇ ಅದಕ್ಕೂ ಅವಸರ ಮಾಡುವಂತಿರಲಿಲ್ಲ. ಒಬ್ಬ ಹಿರಿಯರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಕೊನೆಗೆ ಕಡತದ ಮಿತಿ ಬಂತು. ಒಂದು ಏಟಿನ ನಡುವೆ ಸದ್ದು ಕತ್ತರಿಸಿದಂತೆ ನಿಂತಿತು. ಮದುಮಗಳ ಮೇಲೆ ಒಂದಷ್ಟು ಅಕ್ಕಿಕಾಳು ಗಾಳಿಯಲ್ಲಿಯೇ ಉಳಿದವು. ಗುರುಸಿದ್ದಪ್ಪನವರು ಮುಖ ಒರೆಸಿಕೊಂಡರು.

“ಮುಗೀತಲ್ಲವಾ ತಂಗೀ.”

“ಅದು ನಿಂತೈತ್ರಿ,” ಎಂದಳು ಅವ್ವ. “ಇವರು ನಿಂದರಲಿಲ್ಲ.”

ಅಲ್ಲಿಂದ ಮುಂದಿನದನ್ನು ಅವಳು ತಾನೇ ಹೇಳತೊಡಗಿದಳು. ಧ್ವನಿ ಏರಿಸಲಿಲ್ಲ, ಅಳಲಿಲ್ಲ. ಅಂಗೈ, ರಂಜಕ, ಮೊದಲು ಯಾವ ಕಣ್ಣು, ಆಮೇಲೆ ಯಾವ ಕಣ್ಣು, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಯಾರು ಕಂಡಿದ್ದಾರೆ ಎಂದು ಈ ಸಲ ಒಬ್ಬರೂ ಕೇಳಲಿಲ್ಲ. ಹೇಳಿ ಮುಗಿಸಿ, ಎಡಗೈಯಿಂದ ಟ್ರಂಕಿನ ಒಂದು ಹಿಡಿಯನ್ನು ಎತ್ತಿದಳು. ಇನ್ನೊಂದನ್ನು ನಾನು ಹಿಡಿದೆ. ಹಾವೇರಿಯ ಬಸ್ಸಿಗೆ ಹೊರಟ ನಮಗೆ ದಾರಿ ಬಿಡಲು ಹಿರಿಯರು ಜಮಖಾನೆಯನ್ನು ಮಡಚಿಕೊಂಡು ಗೋಡೆಗೆ ಸರಿದರು.